ವೈದ್ಯರು ಬರೆದುಕೊಟ್ಟ ಗಾಂಜಾ ಔಷಧಿ: ಪ್ರಯಾಣದಲ್ಲಿ ಎಲ್ಲಿಗೆ ಒಯ್ಯಬಹುದು, ಎಲ್ಲಿಗೆ ಕೂಡದು

ಪ್ರಶ್ನೆ: ನಾನು ಬ್ರಿಟನ್ನಿನಲ್ಲಿ ನೆಲೆಸಿದ್ದೇನೆ. ನರದ ನೋವಿಗೆಂದು ಖಾಸಗಿ ಕ್ಲಿನಿಕ್ಕಿನ ತಜ್ಞವೈದ್ಯರು ಎರಡು ವರ್ಷದಿಂದ ವೈದ್ಯಕೀಯ ಗಾಂಜಾ ಬರೆದುಕೊಡುತ್ತಿದ್ದಾರೆ. ದಿನಕ್ಕೆ 1 ಗ್ರಾಂ ಒಣ ಹೂವನ್ನು ವೇಪರೈಸರಿನಲ್ಲಿ ತೆಗೆದುಕೊಳ್ಳುತ್ತೇನೆ, ರಾತ್ರಿ ಎಣ್ಣೆಯ ಹನಿ. ಬೇಸಿಗೆಯಲ್ಲಿ ಕಾರಿನಲ್ಲಿ ಸ್ಕಾಟ್ಲೆಂಡಿಗೆ ಹೋಗುವುದಿದೆ, ನಂತರ ಒಂದು ವಾರ ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿ. ಡಿಸೆಂಬರಿನಲ್ಲಿ ತಂಗಿಯ ಮದುವೆಗೆ ದುಬೈ ಮಾರ್ಗವಾಗಿ ಬೆಂಗಳೂರಿಗೆ ಬಂದು ಮೂರು ವಾರ ಇರಬೇಕು. ಚೀಟಿ ಕೈಯಲ್ಲಿದ್ದರೆ ಔಷಧಿಯನ್ನು ಜೊತೆಗೆ ಒಯ್ಯಬಹುದಲ್ಲವೇ?

ಉತ್ತರ: ಸ್ಕಾಟ್ಲೆಂಡಿಗೆ ಧಾರಾಳವಾಗಿ ಒಯ್ಯಿರಿ. ನೆದರ್‌ಲ್ಯಾಂಡ್ಸ್, ಜರ್ಮನಿಗೆ ಆಯಾ ದೇಶದಿಂದ ಬರಹದಲ್ಲಿ ಒಪ್ಪಿಗೆ ಬಂದರೆ ಮಾತ್ರ. ಬೆಂಗಳೂರಿಗೆ ಬೇಡವೇ ಬೇಡ, ದುಬೈ ಮಾರ್ಗವನ್ನೂ ಬಿಡಿ. ಮೂರು ಪ್ರಯಾಣಕ್ಕೆ ಮೂರು ಬೇರೆ ಉತ್ತರ ಬರಲು ಕಾರಣ ಒಂದೇ: ನಿಮ್ಮ ವೈದ್ಯರ ಚೀಟಿಗೆ ಬೆಲೆ ಇರುವುದು ಅದನ್ನು ಬರೆದ ದೇಶದ ಗಡಿಯವರೆಗೆ. ಗಡಿ ದಾಟಿದ ಕ್ಷಣದಿಂದ ನಿಮ್ಮ ಡಬ್ಬಿಯಲ್ಲಿರುವುದು ಔಷಧಿಯೋ ಮಾದಕವಸ್ತುವೋ ಎಂದು ತೀರ್ಮಾನಿಸುವುದು ಆ ದೇಶದ ಕಾನೂನು.

ಮೊದಲು ಮನೆಯೊಳಗಿನ ಮಾತು. ಬ್ರಿಟನ್ನಿನಲ್ಲಿ 2018ರ ನವೆಂಬರ್ 1ರಿಂದ ಗಾಂಜಾ ಆಧಾರಿತ ಔಷಧಿಗಳನ್ನು ತಜ್ಞವೈದ್ಯರು ಬರೆದುಕೊಡಬಹುದು. ಇವು ಎರಡನೇ ಪಟ್ಟಿಯ ನಿಯಂತ್ರಿತ ಔಷಧಿಗಳು. ದೇಶದೊಳಗೆ ರೈಲು, ಬಸ್ಸು, ವಿಮಾನ ಯಾವುದರಲ್ಲಿ ಹೋಗುವುದಕ್ಕೂ ಬೇರೆ ಪರವಾನಗಿ ಬೇಕಿಲ್ಲ. ಆದರೆ ದಾರಿಯಲ್ಲಿ ಪೊಲೀಸರು ಕೇಳಿದರೆ ಇದು ನಿಮ್ಮದೇ ಔಷಧಿ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಫಾರ್ಮಸಿಯವರು ಡಬ್ಬಿಗೆ ಅಂಟಿಸಿದ ಲೇಬಲ್. ಅದರಲ್ಲಿ ನಿಮ್ಮ ಹೆಸರು, ಔಷಧಿಯ ಹೆಸರು, ತೆಗೆದುಕೊಳ್ಳುವ ಕ್ರಮ, ಕೊಟ್ಟ ದಿನಾಂಕ, ಫಾರ್ಮಸಿಯ ವಿಳಾಸ ಎಲ್ಲವೂ ಇರುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು: ದೊಡ್ಡ ಡಬ್ಬಿ ಯಾಕೆ ಹೊರಬೇಕು ಎಂದು ಎರಡು ದಿನಕ್ಕಾಗುವಷ್ಟನ್ನು ಸಣ್ಣ ಕವರಿಗೆ ಸುರಿದುಕೊಂಡು ಹೊರಡುತ್ತಾರೆ. ಲೇಬಲ್ ಇಲ್ಲದ ಕವರಿನಲ್ಲಿರುವ ಹೂವಿಗೂ ಬೀದಿಯಲ್ಲಿ ಮಾರುವ ಗಾಂಜಾಕ್ಕೂ ನೋಡುವವರ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಖಾಸಗಿ ಚೀಟಿಯ ಮೂಲಪ್ರತಿ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ, ಆದ್ದರಿಂದ ಅದರ ನಕಲನ್ನು ಕ್ಲಿನಿಕ್ಕಿನಿಂದ ಕೇಳಿ ಪಡೆದು ಫೋನಿನಲ್ಲೂ ಕಾಗದದಲ್ಲೂ ಇಟ್ಟುಕೊಳ್ಳಿ.

ಬ್ರಿಟನ್ನಿನ ನಿಯಮ ಈ ಔಷಧಿಯನ್ನು ಸೇದುವುದನ್ನು ಒಪ್ಪುವುದಿಲ್ಲ. ಹೊತ್ತಿಸದೆ ವೇಪರೈಸರಿನಲ್ಲಿ ಬಿಸಿಮಾಡಿ ಆವಿಯನ್ನು ಎಳೆದುಕೊಳ್ಳಬೇಕು. ಪ್ರಯಾಣದಲ್ಲಿ ಯಂತ್ರ ಕೈಕೊಟ್ಟಿತೆಂದು ಕಾಗದದಲ್ಲಿ ಸುತ್ತಿ ಸೇದಿದರೆ ನೀವು ಚೀಟಿಯ ಸೂಚನೆಯನ್ನೇ ಮೀರಿದಂತಾಗುತ್ತದೆ. ಹೋಟೆಲು ಕಾಯ್ದಿರಿಸುವಾಗಲೇ ವೇಪಿಂಗ್ ವಿಷಯದಲ್ಲಿ ಅವರ ನಿಯಮ ಏನೆಂದು ಕೇಳಿ. ಔಷಧಿ ಕಾನೂನುಬದ್ಧವಾಗಿದ್ದರೂ ತಮ್ಮ ಕಟ್ಟಡದಲ್ಲಿ ಬೇಡವೆನ್ನುವ ಅಧಿಕಾರ ಮಾಲೀಕರಿಗಿದೆ.

ಕಾರಿನ ವಿಷಯಕ್ಕೆ ಇನ್ನೂ ಹೆಚ್ಚು ಗಮನ ಕೊಡಿ. ಬ್ರಿಟನ್ನಿನಲ್ಲಿ ಚಾಲಕರ ರಕ್ತದಲ್ಲಿ ಟಿಎಚ್‌ಸಿಯ, ಅಂದರೆ ಗಾಂಜಾದಲ್ಲಿ ಅಮಲೇರಿಸುವ ಅಂಶದ, ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರಿಂದ, ಸ್ಕಾಟ್ಲೆಂಡಿನಲ್ಲಿ 2019ರ ಅಕ್ಟೋಬರಿನಿಂದ ಇದು ಜಾರಿಯಲ್ಲಿದೆ. ದಿನವೂ ಔಷಧಿ ತೆಗೆದುಕೊಳ್ಳುವವರು ಆ ಮಿತಿಯನ್ನು ಸುಲಭವಾಗಿ ದಾಟುತ್ತಾರೆ, ರಸ್ತೆಬದಿಯ ಜೊಲ್ಲು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಚೀಟಿಯಂತೆ ಬಂದ ಔಷಧಿಯನ್ನು ಸೂಚನೆಯಂತೆಯೇ ತೆಗೆದುಕೊಂಡವರಿಗೆ ಕಾನೂನಿನಲ್ಲಿ ರಕ್ಷಣೆ ಇದೆ. ಆದರೆ ಅದು ಮಿತಿ ಮೀರಿದ ಆರೋಪಕ್ಕಷ್ಟೇ ಅನ್ವಯ. ಓಡಿಸುವ ಸಾಮರ್ಥ್ಯವೇ ಕುಂದಿತ್ತು ಎಂದು ಕಂಡುಬಂದರೆ ಅದು ಬೇರೆಯೇ ಅಪರಾಧ, ಅಲ್ಲಿ ಚೀಟಿ ಕಾಪಾಡುವುದಿಲ್ಲ. ಹಾಗಾಗಿ ದೂರದ ದಾರಿಯಿದ್ದ ದಿನ ಹೊಸ ತಳಿಯ ಹೂವು, ಹೊಸ ಪ್ರಮಾಣ ಶುರುಮಾಡಬೇಡಿ, ಕಾರಿನಲ್ಲಿ ಕೂತು ವೇಪ್ ಮಾಡಬೇಡಿ, ನಿದ್ದೆಗಣ್ಣಿದ್ದರೆ ಸ್ಟಿಯರಿಂಗ್ ಮುಟ್ಟಬೇಡಿ.

ನೀವು ಕೇಳಿಲ್ಲವಾದರೂ ಒಂದು ಮಾತು: ಲಂಡನ್ನಿನಿಂದ ಬೆಲ್‌ಫಾಸ್ಟ್‌ಗೆ ಹಾರಿದರೆ ನೀವು ದೇಶ ಬಿಟ್ಟಂತಾಗುವುದಿಲ್ಲ. ಅಲ್ಲಿಂದ ಡಬ್ಲಿನ್‌ಗೆ ಕಾರಿನಲ್ಲಿ ಹೊರಟರೆ ಯಾರೂ ತಡೆಯದಿದ್ದರೂ ನೀವು ಬೇರೆ ದೇಶದ ಕಾನೂನಿನೊಳಗೆ ಕಾಲಿಟ್ಟಿರುತ್ತೀರಿ. ಜೆರ್ಸಿ, ಗರ್ನ್‌ಸಿ, ಐಲ್ ಆಫ್ ಮ್ಯಾನ್ ದ್ವೀಪಗಳಿಗೂ ಅವುಗಳದ್ದೇ ಕಾನೂನು ಇದೆ. ಹೊರಡುವ ಮುಂಚೆ ಅಲ್ಲಿನ ಆರೋಗ್ಯ ಇಲಾಖೆಗೆ ಬರೆದು ಕೇಳಬೇಕು.

ಇನ್ನು ಯುರೋಪ್. ಇಲ್ಲಿ ‘ಷೆಂಗನ್ ಪ್ರಮಾಣಪತ್ರ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಷೆಂಗನ್ ಎಂದರೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ಸಾಮಾನ್ಯವಾಗಿ ಕೈಬಿಟ್ಟಿರುವ ಯುರೋಪಿನ ದೇಶಗಳ ಗುಂಪು. ಷೆಂಗನ್ ಒಪ್ಪಂದದ ಜಾರಿ ಒಡಂಬಡಿಕೆಯ 75ನೇ ವಿಧಿಯ ಪ್ರಕಾರ, ಒಂದು ಷೆಂಗನ್ ದೇಶದ ನಿವಾಸಿ ತನ್ನ ದೇಶದ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದು ಇನ್ನೊಂದು ಷೆಂಗನ್ ದೇಶಕ್ಕೆ ನಿಯಂತ್ರಿತ ಔಷಧಿ ಒಯ್ಯಬಹುದು. ಆ ಪತ್ರದ ಅವಧಿ ಗರಿಷ್ಠ 30 ದಿನ. ಬ್ರಿಟನ್ ಷೆಂಗನ್ನಿನೊಳಗಿಲ್ಲ. ಆದ್ದರಿಂದ ನಿಮಗೆ ಆ ಪತ್ರ ಯಾರೂ ಕೊಡಲಾರರು. ಅಂತರ್ಜಾಲದಿಂದ ನಮೂನೆ ಇಳಿಸಿಕೊಂಡು ನಿಮ್ಮ ವೈದ್ಯರ ಸಹಿ ಹಾಕಿಸಿದರೂ ಅದು ಬರಿ ಕಾಗದ. ನೀವು ಎರಡೂ ದೇಶಗಳಿಗೆ ಪ್ರತ್ಯೇಕವಾಗಿ ಬರೆಯಬೇಕು. ನೆದರ್‌ಲ್ಯಾಂಡ್ಸ್ ಒಪ್ಪಿದರೆ ಜರ್ಮನಿಯೂ ಒಪ್ಪಿದಂತಲ್ಲ, ಆ ಎರಡರ ನಡುವಿನ ಗಡಿಯಲ್ಲಿ ಯಾರೂ ತಡೆಯದಿದ್ದರೂ ಸರಿ. ಜರ್ಮನಿಯಲ್ಲಿ ಕೇಳಬೇಕಾದ ಕಡೆ ಬಾನ್ ನಗರದಲ್ಲಿರುವ ಔಷಧಿ ನಿಯಂತ್ರಣ ಸಂಸ್ಥೆ ಬಿಎಫ್‌ಎಆರ್‌ಎಂ. ಅಲ್ಲಿ 2024ರ ಏಪ್ರಿಲ್ 1ರಿಂದ ವೈದ್ಯಕೀಯ ಗಾಂಜಾಕ್ಕೆ ಪ್ರತ್ಯೇಕ ಕಾಯ್ದೆ ಬಂದಿರುವುದರಿಂದ ಅದಕ್ಕಿಂತ ಹಳೆಯ ಸಲಹೆಗಳನ್ನು ನೆಚ್ಚಬೇಡಿ.

ರಾಯಭಾರ ಕಚೇರಿಗೆ ಬರೆಯುವ ಪತ್ರದಲ್ಲೇ ಅರ್ಧ ಕೆಲಸ ಕೆಡುತ್ತದೆ. “ನಿಯಂತ್ರಿತ ಔಷಧಿ ತರಬಹುದೇ” ಎಂದು ಮೋಘಮ್ಮಾಗಿ ಕೇಳಿದರೆ “ಚೀಟಿ ಇದ್ದರೆ ತನ್ನಿ” ಎಂಬ ಸಿದ್ಧ ಉತ್ತರ ಬರುತ್ತದೆ. ಅವರು ಯೋಚಿಸಿರುವುದು ನಿದ್ದೆ ಮಾತ್ರೆಯನ್ನೋ ನೋವಿನ ಮಾತ್ರೆಯನ್ನೋ. ಮುಜುಗರ ಬಿಟ್ಟು ನೇರವಾಗಿ ಬರೆಯಿರಿ: ಗಾಂಜಾ ಗಿಡದ ಒಣ ಹೂವು, ಟಿಎಚ್‌ಸಿ ಶೇ 20, ಒಟ್ಟು 10 ಗ್ರಾಂ, ಗಾಂಜಾ ಎಣ್ಣೆ 30 ಮಿಲಿ, ಪ್ರತಿ ಮಿಲಿಗೆ ಟಿಎಚ್‌ಸಿ 20 ಮಿಲಿಗ್ರಾಂ, ಸ್ವಂತ ಚಿಕಿತ್ಸೆಗೆ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಇಂಥ ವಿಮಾನ ನಿಲ್ದಾಣದ ಮೂಲಕ. ನಂತರ ಕೇಳಿ: ಈ ರೂಪದಲ್ಲಿ ತರಲು ಒಪ್ಪಿಗೆಯಿದೆಯೇ, ಎಷ್ಟರವರೆಗೆ, ಮುಂಗಡ ಪರವಾನಗಿ ಬೇಕೇ, ಪತ್ರ ಯಾವ ಭಾಷೆಯಲ್ಲಿರಬೇಕು, ಕಸ್ಟಮ್ಸ್‌ನಲ್ಲಿ ಎಲ್ಲಿ ಘೋಷಿಸಬೇಕು. ಹೂವಿಗೂ ಎಣ್ಣೆಗೂ ಬೇರೆಬೇರೆ ನಿಯಮ ಇರುವ ದೇಶಗಳುಂಟು, ಹಾಗಾಗಿ ಎರಡನ್ನೂ ಹೆಸರಿಸಿ. ಫೋನಿನಲ್ಲಿ ಸಿಕ್ಕ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇಮೇಲಿನ ಉತ್ತರವನ್ನು ಮುದ್ರಿಸಿಕೊಂಡು ಔಷಧಿಯ ಜೊತೆಗೇ ಇಡಿ. ಎರಡು ಸಲ ನೆನಪಿಸಿದರೂ ಉತ್ತರ ಬಾರದಿದ್ದರೆ ಅದನ್ನು ‘ಇಲ್ಲ’ ಎಂದೇ ತಿಳಿಯಿರಿ.

ಬ್ರಿಟನ್ನಿನಿಂದ ಹೊರಡುವಾಗಲೂ ಮರಳುವಾಗಲೂ ಬೇಕಾಗುವ ಪತ್ರ ಬೇರೆ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಔಷಧಿಗೆ ಚೀಟಿ ಬರೆದವರ ಪತ್ರ ಸಾಕು: ನಿಮ್ಮ ಹೆಸರು, ಹೋಗುವ ದೇಶಗಳು ಮತ್ತು ದಿನಾಂಕಗಳು, ಔಷಧಿಗಳ ಪಟ್ಟಿ, ಪ್ರಮಾಣ, ಶಕ್ತಿ, ಕೊನೆಗೆ ಅವರ ಸಹಿ. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚಿನದಕ್ಕೆ ಬ್ರಿಟನ್ನಿನ ಗೃಹ ಇಲಾಖೆಯಾದ ಹೋಮ್ ಆಫೀಸಿನ ವೈಯಕ್ತಿಕ ಪರವಾನಗಿ ಬೇಕು. ಅದೂ ಬ್ರಿಟನ್ನಿನ ಗಡಿಗಷ್ಟೇ ಸಲ್ಲುತ್ತದೆ, ಆಚೆಯವರು ಅದನ್ನು ಒಪ್ಪಲೇಬೇಕೆಂದಿಲ್ಲ.

ಕನ್ನಡಿಗರಿಗೆ ಇಲ್ಲೊಂದು ತೊಡಕು ಆಗಾಗ ಎದುರಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿ ಮುಂದೆ ನಿಂತಿರುತ್ತದೆ, ಕ್ಲಿನಿಕ್ಕಿನ ದಾಖಲೆಯಲ್ಲಿ ಬರಿ ಇನಿಷಿಯಲ್ ಇರುತ್ತದೆ. ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಅವು ಇಬ್ಬರ ಹೆಸರು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರ ಅಕ್ಷರವೂ ಹೊಂದುವಂತೆ, ಲೇಬಲ್ ಮತ್ತು ಪತ್ರದಲ್ಲಿ ಹೆಸರು ಹಾಕಿಕೊಡಲು ಮುಂದಿನ ಚೀಟಿಗೆ ಮುಂಚೆಯೇ ಕ್ಲಿನಿಕ್ಕಿಗೆ ಹೇಳಿ. ಪಾಸ್‌ಪೋರ್ಟ್ ಸಂಖ್ಯೆಯನ್ನೂ ಪತ್ರದಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು.

ಎಷ್ಟು ಒಯ್ಯಬೇಕು? ಏಳು ದಿನದ ಪ್ರವಾಸಕ್ಕೆ ದಿನಕ್ಕೆ 1 ಗ್ರಾಂನಂತೆ 7 ಗ್ರಾಂ, ವಿಮಾನ ತಡವಾದರೆಂದು ಎರಡು ಮೂರು ದಿನದ್ದು ಹೆಚ್ಚಿಗೆ. ಅಂದರೆ 10 ಗ್ರಾಂನ ಒಂದು ಡಬ್ಬಿ ಸಾಕು. ಮನೆಯಲ್ಲಿರುವ 30 ಗ್ರಾಂ ಅನ್ನೂ ತುಂಬಿಕೊಂಡು ಹೊರಟರೆ ಯಾಕೆ ಇಷ್ಟೊಂದು ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಪತ್ರದಲ್ಲಿ ಗ್ರಾಂ ಲೆಕ್ಕದ ಜೊತೆ ಟಿಎಚ್‌ಸಿ ಲೆಕ್ಕವೂ ಇರಲಿ: ಶೇ 20ರ ಹೂವು 10 ಗ್ರಾಂ ಎಂದರೆ 2,000 ಮಿಲಿಗ್ರಾಂ ಟಿಎಚ್‌ಸಿ, ಮಿಲಿಗೆ 20 ಮಿಲಿಗ್ರಾಂನ 30 ಮಿಲಿ ಎಣ್ಣೆ ಎಂದರೆ 600 ಮಿಲಿಗ್ರಾಂ.

ವಿಮಾನದಲ್ಲಿ ಔಷಧಿ ಹ್ಯಾಂಡ್ ಲಗೇಜಿನಲ್ಲೇ ಇರಲಿ. ಚೆಕ್-ಇನ್ ಬ್ಯಾಗು ದಾರಿತಪ್ಪಿ ಬೇರೊಂದು ದೇಶಕ್ಕೆ ಹೋದರೆ ನಿಮ್ಮ ಹೆಸರಿನ ಗಾಂಜಾ ಡಬ್ಬಿ ನೀವಿಲ್ಲದೆ ಅಲ್ಲಿ ಇಳಿಯುತ್ತದೆ. 30 ಮಿಲಿ ಎಣ್ಣೆಯ ಬಾಟಲಿ 100 ಮಿಲಿ ಮಿತಿಯೊಳಗೇ ಇರುವುದರಿಂದ ತೊಂದರೆಯಿಲ್ಲ. ವೇಪರೈಸರಿನಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ವಿಮಾನದೊಳಗೆ ಬಳಸುವಂತೆಯೂ ಚಾರ್ಜ್ ಮಾಡುವಂತೆಯೂ ಇಲ್ಲ. ಸಾಧನವನ್ನು ಆಫ್ ಮಾಡಿ, ತಾನಾಗಿ ಆನ್ ಆಗದಂತೆ ನೋಡಿಕೊಳ್ಳಿ. ನೆಬಿಕ್ಸಿಮೋಲ್ಸ್ ಎಂಬ ಬಾಯಿ ಸ್ಪ್ರೇ, ಅಂದರೆ ಸ್ಯಾಟಿವೆಕ್ಸ್, ಬಳಸುವವರು ನೆನಪಿಡಬೇಕಾದ್ದು: ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿಯ ತಂಪು ಬೇಕು, ತೆರೆದದ್ದನ್ನು 25 ಡಿಗ್ರಿಗಿಂತ ಕಡಿಮೆ ಶಾಖದಲ್ಲಿಟ್ಟು 42 ದಿನದೊಳಗೆ ಮುಗಿಸಬೇಕು. ಸೆಕ್ಯುರಿಟಿಯಲ್ಲಿ ಬ್ಯಾಗು ತೆರೆಯುವಂತಾದರೆ ಅವರು ಹುಡುಕುವವರೆಗೆ ಕಾಯದೆ ಡಬ್ಬಿ ಮತ್ತು ಪತ್ರಗಳನ್ನು ನೀವೇ ಮುಂದಿಡಿ. ಇಳಿದ ಮೇಲೆ ಒಪ್ಪಿಗೆ ಪತ್ರದೊಂದಿಗೆ ಕೆಂಪು ಚಾನೆಲ್ಲಿಗೆ ಹೋಗಿ ಘೋಷಿಸಿ.

ಆಮ್‌ಸ್ಟರ್‌ಡಾಮಿನ ಕಾಫಿಶಾಪುಗಳಲ್ಲಿ ಸಿಗುವ ಗಾಂಜಾ ಔಷಧಿಯಲ್ಲ. ಅಲ್ಲಿಂದ ಒಂದು ಚೂರೂ ಬ್ರಿಟನ್ನಿಗೆ ತರಬೇಡಿ. ನಿಮ್ಮ ಲೇಬಲ್ಲಿನ ಡಬ್ಬಿಗೆ ಬೆರೆಸುವುದಂತೂ ಇರುವ ರಕ್ಷಣೆಯನ್ನೂ ಕಳೆಯುತ್ತದೆ. ಹಾಗೆಯೇ ಔಷಧಿಯನ್ನು ಕೊರಿಯರಿನಲ್ಲಿ ಮುಂಚಿತವಾಗಿ ಕಳಿಸುವ ಯೋಚನೆ ಬೇಡ. ಪರವಾನಗಿಯಿಲ್ಲದೆ ಹಾಗೆ ಕಳಿಸುವುದು ನಿಯಂತ್ರಿತ ಔಷಧಿಯ ಅಕ್ರಮ ರಫ್ತಾಗುತ್ತದೆ.

ಈಗ ಡಿಸೆಂಬರಿನ ಪ್ರಯಾಣ. ಯುಎಇಯಲ್ಲಿ ಗಾಂಜಾ ನಿಷಿದ್ಧ, ಗಾಂಜಾದ ಅಮಲೇರಿಸದ ಅಂಶವಾದ ಸಿಬಿಡಿಯ ಎಣ್ಣೆಯೂ ನಿಷಿದ್ಧ. ವಿಮಾನ ಬದಲಿಸಲು ಇಳಿದವರಿಗೂ ಇದು ಅನ್ವಯ. ಅದಕ್ಕಿಂತ ಮುಖ್ಯವಾಗಿ, ರಕ್ತದಲ್ಲಿ ಮಾದಕವಸ್ತುವಿನ ಅಂಶ ಕಂಡರೆ ಅದನ್ನೂ ಸ್ವಾಧೀನದಲ್ಲಿದ್ದಂತೆ ಅಲ್ಲಿ ಪರಿಗಣಿಸಬಹುದು ಎಂದು ಬ್ರಿಟಿಷ್ ವಿದೇಶಾಂಗ ಇಲಾಖೆ ತನ್ನ ಪ್ರಯಾಣಿಕರಿಗೆ ಎಚ್ಚರಿಕೆ ಕೊಡುತ್ತದೆ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವ ವಸ್ತು. ದಿನನಿತ್ಯ ತೆಗೆದುಕೊಳ್ಳುವವರ ಮೂತ್ರದಲ್ಲಿ ಬಿಟ್ಟ ಮೇಲೂ ವಾರಗಟ್ಟಲೆ ಅದರ ಗುರುತು ಉಳಿಯುತ್ತದೆ. ಔಷಧಿಯನ್ನು ಮನೆಯಲ್ಲೇ ಬಿಟ್ಟು ಹೋದರೂ ದುಬೈ ಬೇಡ ಎಂದದ್ದು ಇದಕ್ಕೇ. ಲಂಡನ್ನಿನಿಂದ ಬೆಂಗಳೂರಿಗೆ ನೇರ ವಿಮಾನವಿದೆ, ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಬಿದ್ದರೂ ಅದನ್ನೇ ಹಿಡಿಯಿರಿ. ಸಿಂಗಪುರ ಮಾರ್ಗವನ್ನೂ ಇದೇ ಕಾರಣಕ್ಕೆ ತಪ್ಪಿಸಿ.

ಭಾರತದಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದರೆ ಏನೆಂದು ಹೇಳುತ್ತದೆ: ಗಿಡದ ಹೂ ಬಿಟ್ಟ, ಕಾಯಿ ಬಿಟ್ಟ ತುದಿಗಳು. ನಿಮ್ಮ ಡಬ್ಬಿಯಲ್ಲಿರುವುದು ಅದೇ. ವಿದೇಶಿ ವೈದ್ಯರ ಚೀಟಿ ಇಲ್ಲಿ ಪರವಾನಗಿಯಾಗುವುದಿಲ್ಲ. ಒಂದು ಕಿಲೋವರೆಗಿನ ಗಾಂಜಾವನ್ನು ‘ಅಲ್ಪ ಪ್ರಮಾಣ’ ಎನ್ನುತ್ತಾರೆ, ನಿಜ. ಆದರೆ ಅಲ್ಪ ಎಂದರೆ ಮಾಫಿ ಎಂದಲ್ಲ. ಅದನ್ನು ದೇಶದೊಳಗೆ ತಂದದ್ದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಣ್ಣೆಯ ಕಥೆ ಇನ್ನೂ ಬಿಗಿ. ಗಾಂಜಾ ಗಿಡದ ಸಾಂದ್ರ ಸಾರವನ್ನು, ಅಂದರೆ ಹಶೀಶ್ ಎಣ್ಣೆಯನ್ನು, ಕಾಯ್ದೆ ಚರಸ್ ಜೊತೆ ಸೇರಿಸಿದೆ. ಚರಸ್‌ಗೆ ಅಲ್ಪ ಪ್ರಮಾಣದ ಗೆರೆ 100 ಗ್ರಾಂ. ಜೊತೆಗೆ 2020ರ ಹೀರಾ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಿಶ್ರಣದಲ್ಲಿ ಮಾದಕ ಅಂಶ ಎಷ್ಟಿದೆ ಎಂದು ಬಿಡಿಸಿ ನೋಡದೆ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದೆ. ಬಾಟಲಿಯಲ್ಲಿ ಟಿಎಚ್‌ಸಿ 600 ಮಿಲಿಗ್ರಾಂ ಮಾತ್ರ, ಉಳಿದದ್ದು ಬರಿ ಎಣ್ಣೆ ಎಂಬ ವಾದಕ್ಕೆ ಹಾಗಾಗಿ ಜಾಗ ಕಡಿಮೆ.

ವೇಪರೈಸರನ್ನೂ ಬಿಟ್ಟುಬನ್ನಿ. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯ ವ್ಯಾಖ್ಯೆ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ವಸ್ತುವನ್ನು ಬಿಸಿಮಾಡಿ ಆವಿ ಕೊಡುವ ಸಾಧನಗಳನ್ನೆಲ್ಲ ಒಳಗೊಳ್ಳುವಷ್ಟು ಅಗಲವಾಗಿದೆ, ಮತ್ತು ಅವುಗಳ ಆಮದನ್ನು ನಿಷೇಧಿಸಿದೆ. ಸಿಂಗಪುರ, ಥಾಯ್ಲೆಂಡ್‌ಗಳಲ್ಲೂ ವೇಪ್ ಸಾಧನಗಳಿಗೆ ನಿಷೇಧವಿದೆ. ಭಾರತದಲ್ಲಿ ವಿಜಯಾ ಎಂಬ ಹೆಸರಿನಲ್ಲಿ, ಭಂಗಿ ಸೊಪ್ಪಿನಿಂದ ಮಾಡಿದ ಆಯುರ್ವೇದ ಔಷಧಿಗಳು ವೈದ್ಯರ ಚೀಟಿಯ ಮೇಲೆ ಸಿಗುತ್ತವೆಂದು ನಿಮ್ಮವರು ಯಾರಾದರೂ ಹೇಳಬಹುದು. ಕಾಯ್ದೆಯ ವ್ಯಾಖ್ಯೆಯಿಂದ ಎಲೆ ಹೊರಗಿರುವುದರಿಂದ ಅದು ಸಾಧ್ಯವಾಗಿದೆ. ಆದರೆ ಅದು ಭಾರತದೊಳಗಿನ ವ್ಯವಸ್ಥೆ. ಆ ಬಾಟಲಿಯಲ್ಲೂ ಟಿಎಚ್‌ಸಿ ಇರುತ್ತದೆ, ಮರಳುವಾಗ ಯಾವ ಗಡಿಗೂ ಅದನ್ನು ಒಯ್ಯಬೇಡಿ.

ಬ್ರಿಟ್ನಿ ಗ್ರೈನರ್ ಪ್ರಕರಣ ಎಲ್ಲರಿಗೂ ಗೊತ್ತಿರುವುದೇ. ಅಮೆರಿಕದ ಅರಿಜೋನಾದಲ್ಲಿ ವೈದ್ಯರು ಗಾಂಜಾ ಬರೆದುಕೊಟ್ಟಿದ್ದ ಆ ಬಾಸ್ಕೆಟ್‌ಬಾಲ್ ಆಟಗಾರ್ತಿಯ ಬ್ಯಾಗಿನಲ್ಲಿ 2022ರ ಫೆಬ್ರುವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದು ಒಂದು ಗ್ರಾಂಗೂ ಕಡಿಮೆ ಎಣ್ಣೆ. ಅವಸರದಲ್ಲಿ ಬ್ಯಾಗು ತುಂಬುವಾಗ ಉಳಿದುಬಿಟ್ಟಿತ್ತೆಂದು ಅವರು ಹೇಳಿದರು. ನ್ಯಾಯಾಲಯ ಒಂಬತ್ತು ವರ್ಷ ಸಜೆ ವಿಧಿಸಿತು. ಕೈದಿಗಳ ವಿನಿಮಯ ನಡೆಯದಿದ್ದರೆ ಅವರು ಆ ಡಿಸೆಂಬರಿನಲ್ಲಿ ಮನೆ ಸೇರುತ್ತಿರಲಿಲ್ಲ. ಆದ್ದರಿಂದ ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಬ್ಯಾಗನ್ನು ಪೂರ್ತಿ ಖಾಲಿಮಾಡಿ, ತಲೆಕೆಳಗು ಕೊಡವಿ. ಜಾಕೆಟ್ಟಿನ ಜೇಬು, ಕನ್ನಡಕದ ಪೆಟ್ಟಿಗೆ, ಹೂವನ್ನು ಪುಡಿಮಾಡುವ ಗ್ರೈಂಡರಿನ ಹಲ್ಲುಗಳ ನಡುವಿನ ಪುಡಿ, ಖಾಲಿಯಾದ ಹಳೆಯ ಡಬ್ಬಿ ಎಲ್ಲವನ್ನೂ ನೋಡಿ. ಔಷಧಿಗೆಂದು ಬಳಸುವ ಬ್ಯಾಗನ್ನು ಬಿಟ್ಟು ಬೇರೆಯದನ್ನೇ ತೆಗೆದುಕೊಂಡರೆ ಇನ್ನೂ ಉತ್ತಮ.

ಬೇರೆ ದೇಶಗಳ ಬಗ್ಗೆ ಚುಟುಕಾಗಿ. ಆಸ್ಟ್ರೇಲಿಯಾ ಮೂರು ತಿಂಗಳಿಗಾಗುವಷ್ಟನ್ನು, ನ್ಯೂಜಿಲೆಂಡ್ ಒಂದು ತಿಂಗಳಿಗಾಗುವಷ್ಟನ್ನು ಚೀಟಿ ಮತ್ತು ಘೋಷಣೆಯೊಂದಿಗೆ ತರಲು ಬಿಡುತ್ತವೆ. ಆದರೆ ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳಲ್ಲಿ ಚೀಟಿ ಇದ್ದರೂ ಟಿಎಚ್‌ಸಿ ಮೈಯಲ್ಲಿಟ್ಟುಕೊಂಡು ಕಾರು ಓಡಿಸುವುದು ಅಪರಾಧ. ಕೆನಡಾದೊಳಗೆ ಗಾಂಜಾ ಕಾನೂನುಬದ್ಧವಾದರೂ ಗಡಿ ದಾಟಿಸುವುದು, ಒಳಕ್ಕಾಗಲಿ ಹೊರಕ್ಕಾಗಲಿ, ವೈದ್ಯಕೀಯ ಬಳಕೆಗಾದರೂ ತಪ್ಪೇ. ಅಮೆರಿಕದಲ್ಲಿ ರಾಜ್ಯದ ಕಾನೂನು ಏನೇ ಹೇಳಲಿ, ವಿಮಾನ ನಿಲ್ದಾಣದ ವಲಸೆ ಮತ್ತು ಕಸ್ಟಮ್ಸ್ ಕೌಂಟರಿನಲ್ಲಿ ನಡೆಯುವುದು ಕೇಂದ್ರ ಸರ್ಕಾರದ ಕಾನೂನು. ಜಪಾನಿಗೆ ಯಾವ ಚೀಟಿಯೊಂದಿಗೂ ಹೂವು ಒಯ್ಯುವಂತಿಲ್ಲ. ಅಲ್ಲಿ 2024ರ ಡಿಸೆಂಬರಿನಿಂದ ಸೇವನೆಯೂ ಅಪರಾಧ.

ಹಾಗಾದರೆ ಮದುವೆಯ ಮೂರು ವಾರ ನೋವಿಗೆ ಏನು ಗತಿ? ಇದೇ ನಿಮ್ಮ ನಿಜವಾದ ಚಿಂತೆ ಎಂದು ನಮಗೆ ಗೊತ್ತು. ಅಕ್ಟೋಬರ್ ಆರಂಭದಲ್ಲೇ ವೈದ್ಯರನ್ನು ಕಂಡು ಹಂತಹಂತವಾಗಿ ಇಳಿಸುವ ಯೋಜನೆ ಹಾಕಿಸಿಕೊಳ್ಳಿ. ದಿನವೂ ತೆಗೆದುಕೊಳ್ಳುವವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು, ಬೆವರು ಶುರುವಾಗಿ ಮೊದಲ ವಾರದಲ್ಲಿ ಏರುತ್ತದೆ. ಬಹುತೇಕ ಎರಡು ವಾರದಲ್ಲಿ ತಗ್ಗುತ್ತದೆ, ನಿದ್ದೆ ಸರಿಹೋಗಲು ಇನ್ನಷ್ಟು ದಿನ ಬೇಕು. ಇದನ್ನು ಮನೆಯಲ್ಲೇ ಕಳೆದು ಬರುವುದು ಲೇಸು, ಚಪ್ಪರದ ಕೆಳಗಲ್ಲ. ಅಪಸ್ಮಾರಕ್ಕೆ ಸಿಬಿಡಿ ತೆಗೆದುಕೊಳ್ಳುವವರಂತೂ ಎಂದಿಗೂ ಹಠಾತ್ತನೆ ನಿಲ್ಲಿಸಬಾರದು, ಫಿಟ್ಸ್ ಹೆಚ್ಚಬಹುದು.

ಬದಲಿ ಔಷಧಿ ಬರೆಸಿಕೊಂಡರೆ ಅದನ್ನೂ ಇದೇ ಜರಡಿಯಲ್ಲಿ ಸೋಸಿ. ನೋವು ನಿವಾರಕ ಟ್ರಮಡಾಲ್ ಭಾರತದಲ್ಲಿ 2018ರಿಂದ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ. ಯುಎಇಗೆ ಟ್ರಮಡಾಲ್, ಕೊಡೀನ್‌ಗಳನ್ನು ಒಯ್ಯಲೂ ಮುಂಗಡ ಅನುಮತಿ ಬೇಕು. ಬದಲಿಯನ್ನು ಹೊರಡುವ ಹಿಂದಿನ ವಾರ ಶುರುಮಾಡದೆ ಕನಿಷ್ಠ ಒಂದು ತಿಂಗಳು ಮುಂಚೆ ಆರಂಭಿಸಿ, ಒಗ್ಗದಿದ್ದರೆ ಬದಲಾಯಿಸಲು ಸಮಯವಿರುತ್ತದೆ. ಪ್ರಯಾಣ ವಿಮೆ ಕೊಳ್ಳುವಾಗ ನೋವಿನ ಕಾಯಿಲೆಯನ್ನೂ ಈ ಔಷಧಿಯನ್ನೂ ಎರಡನ್ನೂ ನಮೂದಿಸಿ, ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ಲಿನ ಹೊತ್ತಿಗೆ ಅದೇ ನೆಪವಾಗುತ್ತದೆ.

ಜನವರಿಯಲ್ಲಿ ಮರಳಿದ ಮೇಲೆ ಹಳೆಯ ಪ್ರಮಾಣಕ್ಕೇ ಕೈಹಾಕಬೇಡಿ. ಬಿಟ್ಟಿದ್ದ ವಾರಗಳಲ್ಲಿ ದೇಹದ ಒಗ್ಗಿಕೆ ಇಳಿದಿರುತ್ತದೆ. ಮೊದಲಿನ 1 ಗ್ರಾಂ ತಲೆಸುತ್ತು, ಎದೆಬಡಿತ, ಗಾಬರಿ ತರಬಹುದು. ವೈದ್ಯರು ಹೇಳಿದ ಕಡಿಮೆ ಪ್ರಮಾಣದಿಂದ ಶುರುಮಾಡಿ ಕೆಲವು ದಿನಗಳಲ್ಲಿ ಏರಿಸಿಕೊಳ್ಳಿ, ಮತ್ತೆ ಸ್ಥಿರವಾಗುವವರೆಗೆ ಕಾರು ಬೇರೆಯವರು ಓಡಿಸಲಿ.